ಕಿರುಬಾಣಗಳ ಜಗತ್ಪಂದ್ಯ

ಒಂದು ವಿದ್ಯೆಯ ಬೆಲೆಯನ್ನು ಅದು ಹುಟ್ಟಿದ ಮನೆಯಿಂದ ಅಳೆಯುವುದು ವಿದ್ಯಾವಂತರಲ್ಲಿ ಬಹುಕಾಲದಿಂದ ಬಂದ ಅಭ್ಯಾಸವಾಗಿದೆ. ಅರಮನೆಯ ಅಂಗಳದಲ್ಲಿ ಬೆಳೆದ ಧನುರ್ವಿದ್ಯೆಗೆ ನಮ್ಮಲ್ಲಿ ಉಪವೇದವೆಂಬ ಸ್ಥಾನವು ದೊರೆಯಿತು. ಹಳ್ಳಿಯ ಜಗಲಿಯ ಮೇಲೆ ಬೆಳೆದ ಆಟಗಳಿಗೆ ಕಾಲಹರಣವೆಂಬ ಹೆಸರೇ ಉಳಿಯಿತು. ಆದರೆ ಗುರಿಯನ್ನು ಹಿಡಿಯುವ ಕಣ್ಣು, ಕಣ್ಣಿನ ಮಾತಿನಂತೆ ನಡೆಯುವ ಕೈ, ಕೈಯನ್ನು ಅಂಕೆಯಲ್ಲಿಟ್ಟುಕೊಂಡಿರುವ ಮನಸ್ಸು, ಈ ಮೂರೂ ಎರಡೆಡೆಯಲ್ಲಿಯೂ ಒಂದೇ. ಮರದ ಮೇಲಿನ ಹಕ್ಕಿಯನ್ನು ತೋರಿಸಿ ದ್ರೋಣಾಚಾರ್ಯರು ಶಿಷ್ಯರನ್ನು ಪರೀಕ್ಷಿಸಿದ ಕಥೆಯನ್ನು ನಮ್ಮ ಮನೆಗಳ ಮಕ್ಕಳೆಲ್ಲರೂ ಬಲ್ಲರು. ಅಂತಹುದೇ ಒಂದು ಪರೀಕ್ಷೆಯು ಇಂಗ್ಲೆಂಡ್ ದೇಶದ ಪಾನಗೃಹಗಳ ಗೋಡೆಯ ಮೇಲೆ ನೂರು ವರ್ಷಕ್ಕಿಂತಲೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಅದಕ್ಕೆ ಡಾರ್ಟ್ಸ್ ಎಂದು ಹೆಸರು. ಈ ಆಟವು ಜಗತ್ಪಂದ್ಯದ ಪದವಿಗೆ ಏರಿದ ಬಗೆಯನ್ನೂ, ಆ ಪಂದ್ಯದ ನಡುವೆ ಕಂಡುಬಂದ ಒಂದು ಗುರುಶಿಷ್ಯ ಪ್ರಸಂಗವನ್ನೂ ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಆಟದ ಸ್ವರೂಪವನ್ನು ತಿಳಿಯತಕ್ಕುದು. ಡಾರ್ಟ್ ಎಂದರೆ ಬಿಲ್ಲಿಲ್ಲದೆ ಬೆರಳುಗಳಿಂದಲೇ ಎಸೆಯುವ ಕಿರುಬಾಣ. ಗೋಡೆಗೆ ತಗುಲಿಸಿದ ಗುಂಡನೆಯ ಹಲಗೆಯ ಅಡ್ಡಳತೆ ಸುಮಾರು ಒಂದೂವರೆ ಅಡಿ. ಅದರ ನಡುಬಿಂದುವು ನೆಲದಿಂದ ೫ ಅಡಿ ೮ ಅಂಗುಲ ಎತ್ತರದಲ್ಲಿರಬೇಕು; ಎಸೆಯುವವನು ೭ ಅಡಿ ೯ ಕಾಲು ಅಂಗುಲ ದೂರದ ಗೆರೆಯ ಹಿಂದೆ ನಿಲ್ಲಬೇಕು. ಹಿಂದೆ ಈ ಹಲಗೆಗಳನ್ನು ಎಲ್ಮ್ ಎಂಬ ಮರದಿಂದ ಮಾಡುತ್ತಿದ್ದರು; ಮರವು ಒಣಗಿ ಸೀಳದಂತೆ ಅವನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಬೇಕಾಗಿತ್ತು. ೧೯೩೦ರ ದಶಕದಲ್ಲಿ ಕತ್ತಾಳೆಯ ಜಾತಿಗೆ ಸೇರಿದ ಸೀಸಲ್ ಗಿಡದ ನಾರನ್ನು ಒತ್ತಿ ಕಟ್ಟಿದ ಹಲಗೆಗಳು ಬಂದುವು. ಬಾಣವನ್ನು ಕಿತ್ತೊಡನೆ ನಾರು ತಾನಾಗಿಯೇ ಕೂಡಿಕೊಳ್ಳುವುದರಿಂದ ಇಂದಿಗೂ ಆ ಬಗೆಯ ಹಲಗೆಯೇ ಬಳಕೆಯಲ್ಲಿದೆ.

ಹಲಗೆಯು ೨೦ ಪಾಲುಗಳಾಗಿ ಭಾಗವಾಗಿರುವುದು. ಪ್ರತಿಯೊಂದು ಪಾಲಿಗೂ ೧ರಿಂದ ೨೦ರವರೆಗಿನ ಒಂದೊಂದು ಅಂಕಿಯುಂಟು. ಆದರೆ ಅವು ಕ್ರಮವಾಗಿಲ್ಲ. ಎಲ್ಲಕ್ಕೂ ಮೇಲೆ ೨೦; ಅದರ ಒಂದು ಮಗ್ಗುಲಲ್ಲಿ ೧, ಮತ್ತೊಂದು ಮಗ್ಗುಲಲ್ಲಿ ೫. ಹೆಚ್ಚಿನದಕ್ಕೆ ಆಸೆಪಟ್ಟು ಅಜಾಗರೂಕನಾಗಿ ಎಸೆದವನು ಅತ್ಯಲ್ಪವನ್ನು ಪಡೆಯುವನು. ಈ ಜೋಡಣೆಯನ್ನು ಲಂಕಾಷೈರಿನ ಬರಿ ಎಂಬ ಊರಿನ ಬ್ರಯನ್ ಗ್ಯಾಮ್ಲಿನ್ ಎಂಬ ಬಡಗಿಯು ೧೮೯೬ರಲ್ಲಿ ಕಂಡುಹಿಡಿದನೆಂದು ಒಂದು ಪ್ರತೀತಿ. ಯಾರ್ಕ್‌ಷೈರಿನ ಥಾಮಸ್ ಬಕಲ್ ಎಂಬುವನೇ ಕರ್ತೃವೆಂದು ಇನ್ನೊಂದು ವಾದ. ಕರ್ತೃ ಯಾರೇ ಆಗಿರಲಿ, ಅವನಿಗೆ ಮನುಷ್ಯನ ದುರಾಸೆಯ ಪರಿಚಯ ಚೆನ್ನಾಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ.

ಹಲಗೆಯ ಮೇಲೆ ಎರಡು ಸಣ್ಣ ಬಳೆಗಳುಂಟು. ಅವುಗಳ ಅಗಲ ಅಂಗುಲದ ಮೂರನೆಯ ಒಂದು ಪಾಲಿನಷ್ಟು. ಹೊರಬಳೆಯಲ್ಲಿ ನಾಟಿದರೆ ಅಂಕಿಯು ಇಮ್ಮಡಿಯಾಗುವುದು, ಒಳಬಳೆಯಲ್ಲಿ ನಾಟಿದರೆ ಮುಮ್ಮಡಿ. ಆಟಗಾರನು ಸರದಿಗೆ ಮೂರು ಬಾಣಗಳಂತೆ ಎಸೆದು ೫೦೧ರಿಂದ ಕಳೆಯುತ್ತ ಸೊನ್ನೆಗೆ ಬರಬೇಕು. ಕೊನೆಯ ಬಾಣವು ಮಾತ್ರ ಇಮ್ಮಡಿಯ ಬಳೆಯಲ್ಲಿಯೇ, ಇಲ್ಲವೆ ಇಮ್ಮಡಿಯೆಂದೇ ಎಣಿಸುವ ೫೦ರ ನಡುಬಿಂದುವಿನಲ್ಲಿ ನಾಟಬೇಕು. ಇಂತಹ ಒಂದು ಸುತ್ತಿಗೆ ಲೆಗ್ ಎಂದೂ, ಕೆಲವು ಲೆಗ್ಗುಗಳ ಕೂಟಕ್ಕೆ ಸೆಟ್ ಎಂದೂ ಹೆಸರು. ಬಲ್ಲವರು ಕೊನೆಗೆ ೩೨ ಉಳಿಯುವಂತೆ ಲೆಕ್ಕ ಹಾಕುವರು. ಏಕೆಂದರೆ ೧೬ರ ಇಮ್ಮಡಿಗೆ ಎಸೆದ ಬಾಣವು ತಪ್ಪಿ ಬರಿಯ ೧೬ರಲ್ಲಿ ನಾಟಿದರೆ ೮ರ ಇಮ್ಮಡಿಯು ಉಳಿಯುವುದು. ಅದೂ ಹಾಗೆಯೇ ತಪ್ಪಿದರೆ ೪ರದು, ಅನಂತರ ೨ರದು, ಕಡೆಗೆ ೧ರದು. ಹೀಗೆ ಕೈಯ ಕೌಶಲದೊಡನೆ ಮನೋಗಣಿತವೂ ಸೇರಿ ನಡೆಯುವ ಆಟವಿದು. ಶಾಲೆಯ ಮೆಟ್ಟಿಲನ್ನು ಹೆಚ್ಚಾಗಿ ಹತ್ತದ ಗಣಿಗಾರರೂ ಹಡಗುಕಟ್ಟೆಯ ಕೂಲಿಗಳೂ ಈ ಕಳೆಯುವ ಲೆಕ್ಕವನ್ನು ಬಾಯಲ್ಲಿಯೇ ಮಾಡಿ ಮುಗಿಸುತ್ತಿದ್ದುದನ್ನು ನೆನೆದರೆ ಉಪಾಧ್ಯಾಯನಾದವನಿಗೆ ಸಂತೋಷವಾಗುವುದು.

ಆದರೂ ಈ ಆಟಕ್ಕೆ ಅಂಟಿಕೊಂಡ ಸಂಶಯವು ಬೇಗನೆ ಬಿಡಲಿಲ್ಲ. ನಮ್ಮ ಧರ್ಮಶಾಸ್ತ್ರಕಾರರು ಅಚೇತನ ವಸ್ತುಗಳಿಂದ ಆಡುವ ಪಣವನ್ನು ದ್ಯೂತವೆಂದೂ, ಪ್ರಾಣಿಗಳನ್ನು ಕಾದಿಸಿ ಆಡುವ ಪಣವನ್ನು ಸಮಾಹ್ವಯವೆಂದೂ ವಿಭಾಗಿಸಿದರು. ಆಂಗ್ಲರ ನ್ಯಾಯವು ಬೇರೊಂದು ಗೆರೆಯನ್ನು ಎಳೆಯಿತು: ಆಟವು ಅದೃಷ್ಟಕ್ಕೆ ಸೇರಿದುದೋ, ಕೌಶಲಕ್ಕೆ ಸೇರಿದುದೋ? ಅದೃಷ್ಟದ ಆಟಗಳಿಗೆ ಪಾನಗೃಹದಲ್ಲಿ ಎಡೆಯಿರಲಿಲ್ಲ. ೧೯೦೮ರಲ್ಲಿ ಲೀಡ್ಸ್ ನಗರದ ನ್ಯಾಯಾಧಿಪತಿಗಳ ಎದುರಿಗೆ ಅನಕಿನ್ ಎಂಬ ಪಾನಗೃಹದ ಯಜಮಾನನು ಹಲಗೆಯನ್ನು ತಂದು ತೂಗಹಾಕಿ, ೨೦ರ ಪಾಲಿಗೆ ಮೂರು ಬಾಣಗಳನ್ನೂ ನೆಟ್ಟು, ತಮ್ಮಲ್ಲಿ ಯಾರಾದರೂ ಹೀಗೆ ಮಾಡಬಲ್ಲರೇ ಎಂದು ಅವರನ್ನೇ ಕೇಳಿದನೆಂದು ಡಾರ್ಟ್ಸ್ ಆಟಗಾರರು ಹೇಳಿಕೊಂಡು ಬಂದ ಕಥೆಯೊಂದುಂಟು. ಕಥೆಯಲ್ಲಿ ಅಲಂಕಾರವು ಸೇರಿದ್ದೀತು. ಆದರೆ ದುಡಿಯುವ ಜನರು ತಮ್ಮ ಆಟದ ಮಾನಕ್ಕಾಗಿ ಇಂತಹ ಒಂದು ಕಥೆಯನ್ನು ಕಾಪಾಡಿಕೊಂಡು ಬಂದರೆಂಬುದೇ ಗಮನಿಸತಕ್ಕ ಸಂಗತಿ.

ಮುಂದೆ ‘ನ್ಯೂಸ್ ಆಫ್ ದಿ ವರ್ಲ್ಡ್’ ಎಂಬ ಪತ್ರಿಕೆಯು ೧೯೨೭ರಲ್ಲಿ ಲಂಡನ್ ಪ್ರಾಂತದಲ್ಲಿ ವ್ಯಕ್ತಿಗತ ಸ್ಪರ್ಧೆಯನ್ನು ಆರಂಭಿಸಿತು. ೧೯೩೭ರಲ್ಲಿ ಆರನೆಯ ಜಾರ್ಜ್ ದೊರೆಯೂ ರಾಣಿಯೂ ಸ್ಲೌ ಎಂಬ ಊರಿನ ಸಾಮಾಜಿಕ ಕೇಂದ್ರಕ್ಕೆ ಹೋದಾಗ ಇಬ್ಬರೂ ಕಿರುಬಾಣಗಳನ್ನು ಎಸೆದರು. ರಾಣಿಯ ಎಣಿಕೆಯೇ ಮೇಲಾಯಿತು. ೧೯೩೯ರಲ್ಲಿ ಆ ಪತ್ರಿಕೆಯ ಅಂತಿಮ ಪಂದ್ಯವನ್ನು ನೋಡಲು ಲಂಡನ್ನಿನ ಕೃಷಿಪ್ರದರ್ಶನ ಭವನದಲ್ಲಿ ೧೪,೦೦೦ಕ್ಕಿಂತ ಹೆಚ್ಚು ಜನರು ನೆರೆದರು. ಅದೇ ವರ್ಷ ಗ್ಲಾಸ್ಗೋ ನಗರದ ಅಧಿಕಾರಿಗಳು ಪಾನಗೃಹಗಳಲ್ಲಿ ಈ ಆಟವನ್ನು ನಿಷೇಧಿಸಿದರು! ದೊರೆಗಳು ಆಡಿದ ಆಟವು ದುಡಿಯುವವರಿಗೆ ಕೂಡದೆಂಬ ವಿಚಿತ್ರವನ್ನು ಆ ಕಾಲದವರು ಕಂಡರು. ಯುದ್ಧವು ಮುಗಿದ ಮೇಲೆ, ೧೯೪೭ರಿಂದ, ಆ ಸ್ಪರ್ಧೆಯು ದೇಶವ್ಯಾಪಿಯಾಯಿತು.

ಆದರೆ ದೇಶದಲ್ಲಿ ಮೊದಲಿಗನಾದವನು ಜಗತ್ತಿನಲ್ಲಿಯೂ ಮೊದಲಿಗನೆಂದು ಹೇಳುವುದೆಂತು? ಈ ಪ್ರಶ್ನೆಗೆ ಉತ್ತರವು ದೊರೆಯಲು ಇನ್ನೂ ೩೦ ವರ್ಷ ಹಿಡಿಯಿತು. ೧೯೭೩ರಲ್ಲಿ ಆಲಿ ಕ್ರಾಫ್ಟ್ ಎಂಬುವನು ಲಂಡನ್ನಿನ ತನ್ನ ಮನೆಯಲ್ಲಿಯೇ ಬ್ರಿಟಿಷ್ ಡಾರ್ಟ್ಸ್ ಸಂಸ್ಥೆಯನ್ನು ಕಟ್ಟಿದನು. ೧೯೭೮ನೆಯ ಫೆಬ್ರವರಿ ತಿಂಗಳಲ್ಲಿ ನಾಟಿಂಗಂ ನಗರದ ಒಂದು ರಾತ್ರಿವಿನೋದ ಗೃಹದಲ್ಲಿ ಮೊದಲನೆಯ ಜಗತ್ಪಂದ್ಯವು ನಡೆಯಿತು. ೧೬ ಮಂದಿ ಆಟಗಾರರು ಸೇರಿದರು. ವೇಲ್ಸ್ ದೇಶದ ಲೇಟನ್ ರೀಸ್ ಎಂಬುವನು ಇಂಗ್ಲೆಂಡಿನ ಜಾನ್ ಲೋ ಎಂಬುವನನ್ನು ೧೧ ಲೆಗ್ಗುಗಳಿಗೆ ೭ರಂತೆ ಸೋಲಿಸಿ ೩,೦೦೦ ಪೌಂಡುಗಳ ಬಹುಮಾನವನ್ನು ಪಡೆದನು. ಮರುವರ್ಷ ಪಂದ್ಯವು ಕುಂಬಾರಿಕೆಗೆ ಹೆಸರಾದ ಸ್ಟೋಕ್-ಆನ್-ಟ್ರೆಂಟ್ ನಗರಕ್ಕೆ ಹೋಗಿ ೧೯೮೫ರವರೆಗೆ ಅಲ್ಲಿಯೇ ನಿಂತಿತು; ಅನಂತರ ಸರ್ರೆ ಪ್ರಾಂತದ ಫ್ರಿಮ್ಲಿ ಗ್ರೀನ್ ಎಂಬ ಹಳ್ಳಿಯ ಲೇಕ್‌ಸೈಡ್ ಭವನವು ಅದರ ನೆಲೆಯಾಯಿತು.

ಇದನ್ನು ಜನರ ಮನೆಗೆ ಮುಟ್ಟಿಸಿದುದು ಟೆಲಿವಿಷನ್. ಹಲಗೆಯು ಚಿಕ್ಕದು, ಬಾಣವು ಇನ್ನೂ ಚಿಕ್ಕದು. ಸಭಾಂಗಣದ ಕೊನೆಯ ಸಾಲಿನವನಿಗೆ ಏನೂ ಕಾಣಿಸದು. ಆದರೆ ಪರದೆಯನ್ನು ಎರಡಾಗಿ ಸೀಳಿ, ಒಂದು ಕಡೆ ಎಸೆಯುವವನ ಮುಖವನ್ನೂ ಮತ್ತೊಂದು ಕಡೆ ಹಲಗೆಯನ್ನೂ ತೋರಿಸುವ ಉಪಾಯವು ಬಂದೊಡನೆ, ಲಕ್ಷಾಂತರ ಮಂದಿ ಮನೆಯಲ್ಲಿ ಕುಳಿತು ಬಾಣವನ್ನೂ ಅದರ ಹಿಂದಿನ ಮನಸ್ಸನ್ನೂ ಒಟ್ಟಿಗೆ ನೋಡುವಂತಾಯಿತು.

ಇಲ್ಲಿ ಒಂದು ದೋಷವನ್ನೂ ಹೇಳದೆ ಬಿಡಕೂಡದು. ಪಂದ್ಯಕ್ಕೆ ಹಣವನ್ನು ಕೊಟ್ಟವರು ತಂಬಾಕಿನ ವ್ಯಾಪಾರಿಗಳು. ೧೯೭೮ರಿಂದ ೨೦೦೩ರವರೆಗೆ ಪಂದ್ಯವು ಒಂದು ಸಿಗರೇಟಿನ ಹೆಸರನ್ನೇ ಹೊತ್ತಿತ್ತು. ಆಟಗಾರರು ವೇದಿಕೆಯ ಮೇಲೆಯೇ ಕುಡಿಯುತ್ತ, ಹೊಗೆಯನ್ನು ಬಿಡುತ್ತ ಆಡುತ್ತಿದ್ದರು. ಹಾಸ್ಯಗಾರರು ಇದನ್ನು ಹಿಡಿದು ಅಣಕಿಸಿದರು. ಆಟದ ಮಾನವು ಇಳಿಯಿತು. ೧೯೮೦ರ ದಶಕದ ಕೊನೆಗೆ ವೇದಿಕೆಯ ಮೇಲಿನ ಪಾನಧೂಮಪಾನಗಳು ನಿಂತುವಾದರೂ ಅಷ್ಟರಲ್ಲಿ ಟೆಲಿವಿಷನ್ನಿನವರು ಬೆನ್ನು ತಿರುಗಿಸಿದ್ದರು. ೧೯೮೯ರ ಹೊತ್ತಿಗೆ ಜಗತ್ಪಂದ್ಯವೊಂದನ್ನುಳಿದು ಮಿಕ್ಕ ದೊಡ್ಡ ಸ್ಪರ್ಧೆಗಳಾವುವೂ ಪರದೆಯ ಮೇಲೆ ಕಾಣಿಸದಂತಾದುವು.

ಈ ಏಳುಬೀಳುಗಳ ಕಾಲದ ನಾಯಕನು ಎರಿಕ್ ಬ್ರಿಸ್ಟೋ. ಲಂಡನ್ನಿನ ಹ್ಯಾಕ್ನಿ ಎಂಬ ಬಡ ವಠಾರದಲ್ಲಿ ೧೯೫೭ರಲ್ಲಿ ಹುಟ್ಟಿದ ಇವನು ೧೯೮೦, ೧೯೮೧, ೧೯೮೪, ೧೯೮೫, ೧೯೮೬ ಹೀಗೆ ಐದು ಸಲ ಜಗಜ್ಜೇತನಾದನು. ಕಿರುಬೆರಳನ್ನು ಮೇಲಕ್ಕೆತ್ತಿ ಬಾಣವನ್ನು ಹಿಡಿಯುವ ಭಂಗಿಯೂ, ಎದುರಾಳಿಯನ್ನು ಕೆಣಕುವ ಮಾತೂ, ಗೆಲ್ಲುವೆನೆಂಬ ಹಮ್ಮೂ ಇವನನ್ನು ಮನೆಮಾತಾಗಿಸಿದುವು. ಹಮ್ಮಿಗೆ ತಕ್ಕ ಪಾಠವೂ ದೊರೆಯದಿರಲಿಲ್ಲ. ೧೯೮೩ರ ಅಂತಿಮ ಪಂದ್ಯದಲ್ಲಿ ಅರ್ಹತಾಸ್ಪರ್ಧೆಯಿಂದ ಮೇಲೆ ಬಂದ ೨೩ರ ಹರೆಯದ ಕೀತ್ ಡೆಲ್ಲರ್ ಎಂಬುವನು ಇದಿರಾಗಿದ್ದನು. ಕಡೆಯ ಘಟ್ಟದಲ್ಲಿ ಬ್ರಿಸ್ಟೋವಿಗೆ ೫೦ ಉಳಿದು, ಕೈಯಲ್ಲಿ ಒಂದು ಬಾಣವಿದ್ದಿತು. ನಡುಬಿಂದುವಿಗೆ ಎಸೆದಿದ್ದರೆ ಲೆಗ್ ಅವನದಾಗಬಹುದಾಗಿತ್ತು. ಡೆಲ್ಲರನಿಗೆ ೧೩೮ ಬೇಕು, ಅದನ್ನು ಮೂರು ಬಾಣಗಳಲ್ಲಿ ತೀರಿಸಲಾರನೆಂದು ನಂಬಿದ ಬ್ರಿಸ್ಟೋ ೧೮ನ್ನು ಎಸೆದು, ತನಗೆ ಪ್ರಿಯವಾದ ೩೨ನ್ನು ಉಳಿಸಿಕೊಂಡು ಹಿಂದಕ್ಕೆ ಸರಿದನು. ಡೆಲ್ಲರನು ೨೦ರ ಮುಮ್ಮಡಿ, ೧೮ರ ಮುಮ್ಮಡಿ, ೧೨ರ ಇಮ್ಮಡಿ ಎಂದು ಮೂರನ್ನೂ ಸಾಲಾಗಿ ನೆಟ್ಟು, ೬ ಸೆಟ್ಟುಗಳಿಗೆ ೫ರಂತೆ ಪಂದ್ಯವನ್ನು ಗೆದ್ದನು. ಬ್ರಿಸ್ಟೋವಿನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಎದುರಾಳಿಯ ಬಲವನ್ನು ಆ ಲೆಕ್ಕದೊಳಕ್ಕೆ ಸೇರಿಸಿಕೊಂಡಿರಲಿಲ್ಲ, ಅಷ್ಟೆ.

ಇದಕ್ಕಿಂತ ದೊಡ್ಡ ಕಷ್ಟವು ಅವನಿಗೆ ತನ್ನ ಕೈಯಿಂದಲೇ ಬಂದಿತು. ೧೯೮೬ರ ಕೊನೆಯ ಹೊತ್ತಿಗೆ ಬಾಣವನ್ನು ಗುರಿಗೆ ಹಿಡಿದರೆ ಬೆರಳುಗಳು ಅದನ್ನು ಬಿಡಲೊಲ್ಲವಾದುವು. ತೋಳು ಮುಂದಕ್ಕೆ ಹೋಗುವುದು, ಬಾಣವು ಕೈಯಲ್ಲಿಯೇ ನಿಲ್ಲುವುದು. ಬರೆಯುವವರಿಗೆ ಕೈಸೆಳವು ಬರುವಂತೆ ಇದೂ ಒಂದು ವಿಚಿತ್ರವಾದ ತಡೆ. ಆಟಗಾರರು ಇದಕ್ಕೆ ಡಾರ್ಟೈಟಿಸ್ ಎಂದು ಹೆಸರಿಟ್ಟಿರುವರು. ದೇಹದಲ್ಲಿ ನೋವಿಲ್ಲ, ಗಾಯವಿಲ್ಲ. ಆದರೆ ಸಾವಿರಾರು ಸಲ ಮಾಡಿದ ಕಾರ್ಯವನ್ನು ಕೈಯು ಮರೆಯುವುದು. ಐದು ಸಲ ಜಗತ್ತನ್ನು ಗೆದ್ದವನು ಲಕ್ಷಾಂತರ ಜನರ ಕಣ್ಣಿನ ಮುಂದೆ ಬಾಣವನ್ನು ಬಿಡಲಾರದೆ ನಿಂತನು. ಅಷ್ಟಾಗಿಯೂ ಅವನು ಹಿಂದೆಗೆಯದೆ ೧೯೮೭, ೧೯೮೯, ೧೯೯೦, ೧೯೯೧ರ ಅಂತಿಮ ಪಂದ್ಯಗಳಿಗೆ ಬಂದನು, ಒಂದನ್ನೂ ಗೆಲ್ಲಲಿಲ್ಲ.

ಈ ದುರ್ದಿನಗಳಲ್ಲಿ ಬ್ರಿಸ್ಟೋ ಮಾಡಿದ ಒಂದು ಕಾರ್ಯಕ್ಕಾಗಿಯೇ ಅವನ ಹೆಸರನ್ನು ನಾನು ಇಷ್ಟು ದೀರ್ಘವಾಗಿ ಎತ್ತಿದುದು. ಸ್ಟೋಕ್ ನಗರದ ಬರ್ಸ್ಲೆಂ ಎಂಬಲ್ಲಿ ಅವನಿಗೆ ಒಂದು ಪಾನಗೃಹವಿದ್ದಿತು. ಅಲ್ಲಿಗೆ ಆಡಲು ಬರುತ್ತಿದ್ದವರಲ್ಲಿ ಫಿಲ್ ಟೇಲರ್ ಎಂಬ ಕಾರ್ಮಿಕನೊಬ್ಬನು. ಶೌಚಗೃಹದ ಸರಪಳಿಗೆ ಹಾಕುವ ಪಿಂಗಾಣಿಯ ಹಿಡಿಗಳನ್ನು ಮಾಡುವುದು ಅವನ ಕಸುಬು. ವಾರಕ್ಕೆ ಸುಮಾರು ೫೦ ಪೌಂಡು ಕೂಲಿ. ಇವನ ಕೈಯಲ್ಲಿ ವಿದ್ಯೆಯಿದೆಯೆಂದು ಕಂಡ ಬ್ರಿಸ್ಟೋ, ಕೆಲಸವನ್ನು ಬಿಟ್ಟು ಹಗಲಿರುಳೂ ಅಭ್ಯಾಸ ಮಾಡೆಂದು ಹೇಳಿ ಸುಮಾರು ೧೦,೦೦೦ ಪೌಂಡುಗಳನ್ನು ಸಾಲವಾಗಿ ಕೊಟ್ಟನು. ಹೊಗಳಿಕೆಯನ್ನು ಮಾತ್ರ ಕೊಡಲಿಲ್ಲ. ಯಾವುದಾದರೂ ಸ್ಪರ್ಧೆಯಲ್ಲಿ ಎರಡನೆಯವನಾದೆನೆಂದು ಟೇಲರನು ಟೆಲಿಫೋನಿನಲ್ಲಿ ತಿಳಿಸಿದರೆ, ಗೆದ್ದಾಗ ಮಾತನಾಡೆಂದು ಹೇಳಿ ಗುರುವು ಟೆಲಿಫೋನನ್ನು ಕೆಳಗಿಡುತ್ತಿದ್ದನಂತೆ.

ನಮ್ಮ ಭಾರತಕಥೆಯಲ್ಲಿ ಗುರುವು ಏಕಲವ್ಯನ ಹೆಬ್ಬೆರಳನ್ನು ದಕ್ಷಿಣೆಯಾಗಿ ಪಡೆದನು. ಪ್ರಿಯಶಿಷ್ಯನಿಗೆ ಸಮಾನನು ಮತ್ತೊಬ್ಬನಿರಬಾರದೆಂಬುದು ಅಲ್ಲಿನ ಕಾರಣ. ಈ ಪಾನಗೃಹದ ಕಥೆಯಲ್ಲಿ ಬೆರಳನ್ನು ಕಳೆದುಕೊಂಡವನೇ ಗುರು. ತನ್ನ ಬೆರಳು ತನ್ನ ಮಾತನ್ನು ಕೇಳದಿದ್ದ ಕಾಲದಲ್ಲಿ ಅವನು ಇನ್ನೊಬ್ಬನ ಬೆರಳಿಗೆ ವಿದ್ಯೆಯನ್ನು ಕಲಿಸಿದನು. ತನಗೆ ಸಮಾನನಾದವನು ತನ್ನನ್ನೇ ಮೀರಬಹುದೆಂಬುದನ್ನು ಅರಿತೂ ಕಲಿಸಿದನು. ಪಾಠಶಾಲೆಯಲ್ಲಿ ಓದಿ, ಪಾಠಶಾಲೆಯಲ್ಲಿಯೇ ತಲೆ ನರೆಯಿಸಿಕೊಂಡ ನನಗೆ, ಈ ಎರಡು ಗುರುಗಳಲ್ಲಿ ಯಾರನ್ನು ಮೇಲೆನ್ನಬೇಕೆಂಬುದು ಸುಲಭವಾಗಿ ಬಗೆಹರಿಯುವ ಪ್ರಶ್ನೆಯಾಗಿ ತೋರುವುದಿಲ್ಲ. ಆದರೆ ಯಾರಂತೆ ಆಗಬೇಕೆಂದು ನನ್ನನ್ನು ಕೇಳಿದರೆ ಉತ್ತರಕ್ಕಾಗಿ ತಡವರಿಸಬೇಕಾಗಿಲ್ಲ.

೧೯೯೦ನೆಯ ಜನವರಿ ತಿಂಗಳ ಜಗತ್ಪಂದ್ಯವು ಲೇಕ್‌ಸೈಡಿನಲ್ಲಿ ನಡೆಯಿತು. ಸಿಂಗಪುರದಲ್ಲಿ ಹುಟ್ಟಿ ಅಮೆರಿಕದ ಪರವಾಗಿ ಆಡಿದ ಪಾಲ್ ಲಿಮ್ ಎಂಬುವನು ಆ ಪಂದ್ಯದಲ್ಲಿ ೫೦೧ನ್ನು ಒಂಬತ್ತೇ ಬಾಣಗಳಲ್ಲಿ ತೀರಿಸಿದನು. ಅದಕ್ಕಿಂತ ಕಡಿಮೆಯಲ್ಲಿ ತೀರಿಸುವುದು ಅಶಕ್ಯ. ಜಗತ್ಪಂದ್ಯದಲ್ಲಿ ಅದಕ್ಕೆ ಮೊದಲು ಯಾರೂ ಅದನ್ನು ಸಾಧಿಸಿರಲಿಲ್ಲ. ಅವನಿಗೆ ದೊರೆತ ವಿಶೇಷ ಬಹುಮಾನ ೫೨,೦೦೦ ಪೌಂಡು. ಜಗಜ್ಜೇತನಿಗೆ ಇಟ್ಟಿದ್ದುದು ೨೪,೦೦೦ ಮಾತ್ರ. ಆದರೂ ಆ ವರ್ಷವನ್ನು ಜನರು ನೆನೆಯುವುದು ಅಂತಿಮ ಪಂದ್ಯಕ್ಕಾಗಿ. ಒಂದು ಕಡೆ ಗುರು ಬ್ರಿಸ್ಟೋ. ಮತ್ತೊಂದು ಕಡೆ ಶ್ರೇಯಾಂಕದ ಪಟ್ಟಿಯಲ್ಲಿ ಹೆಸರೇ ಇಲ್ಲದ ೨೯ ವರ್ಷದ ಶಿಷ್ಯ ಟೇಲರ್. ಶಿಷ್ಯನು ದಾಕ್ಷಿಣ್ಯವನ್ನು ತೋರಲಿಲ್ಲ. ತೋರಿದ್ದರೆ ಆ ಗುರುವೇ ಸಹಿಸುತ್ತಿರಲಿಲ್ಲ. ೬ ಸೆಟ್ಟುಗಳಿಗೆ ೧ರಂತೆ ಟೇಲರನು ಗೆದ್ದನು. ಎಲ್ಲೆಡೆಯಲ್ಲಿಯೂ ಜಯವನ್ನು ಬಯಸಬೇಕು, ಮಗನಿಂದಲೂ ಶಿಷ್ಯನಿಂದಲೂ ಮಾತ್ರ ಸೋಲನ್ನು ಬಯಸಬೇಕು ಎಂದು ನಮ್ಮ ಹಿರಿಯರು ಹೇಳುವರು. ಹೇಳುವುದು ಸುಲಭ. ಸಾವಿರಾರು ಜನರ ಕೂಗಿನ ನಡುವೆ, ತಾನು ಐದು ಸಲ ಎತ್ತಿದ ಪಾತ್ರೆಯನ್ನು ತಾನೇ ಸಾಕಿದವನು ಎತ್ತುವುದನ್ನು ನಿಂತು ನೋಡುವುದು ಬೇರೆ ಮಾತು.

ಇದಾದ ಎರಡು ವರ್ಷಗಳಲ್ಲಿ ಆಟದ ಮನೆಯೇ ಇಬ್ಭಾಗವಾಯಿತು. ಟೆಲಿವಿಷನ್ನಿನಿಂದ ದೂರವಾಗಿ ವರಮಾನವು ಕುಗ್ಗಿದುದಕ್ಕೆ ಹಳೆಯ ಸಂಸ್ಥೆಯು ಏನನ್ನೂ ಮಾಡಲಿಲ್ಲವೆಂದು ದೂರಿ, ೧೬ ಮಂದಿ ಪ್ರಮುಖ ಆಟಗಾರರು ೧೯೯೨ರಲ್ಲಿ ಬೇರೊಂದು ಸಭೆಯನ್ನು ಕಟ್ಟಿಕೊಂಡರು. ಬ್ರಿಸ್ಟೋ, ಟೇಲರ್, ಲೋ ಮುಂತಾದ ಜಗಜ್ಜೇತರು ಅವರಲ್ಲಿದ್ದರು. ಹಳೆಯ ಸಂಸ್ಥೆಯು ಅವರಿಗೆ ಬಹಿಷ್ಕಾರವನ್ನು ವಿಧಿಸಿತು; ಜಗಳವು ನ್ಯಾಯಸ್ಥಾನಕ್ಕೆ ಹೋಯಿತು. ೧೯೯೪ರಿಂದ ಜಗತ್ಪಂದ್ಯಗಳು ಎರಡಾದುವು: ಹಳೆಯದು ಲೇಕ್‌ಸೈಡಿನಲ್ಲಿ, ಹೊಸದು ಎಸೆಕ್ಸ್ ಪ್ರಾಂತದ ಪರ್‌ಫ್ಲೀಟಿನಲ್ಲಿ. ಹೊಸ ಪಂದ್ಯದ ಮೊದಲನೆಯ ಜಯವು ಟೇಲರನನ್ನು ಸೋಲಿಸಿದ ಡೆನಿಸ್ ಪ್ರೀಸ್ಟ್ಲಿಗೆ ಸಂದಿತು. ೧೯೯೭ರಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯದಲ್ಲಿ ರಾಜಿಯಾಗಿ, ಆಟಗಾರನು ತನಗೆ ಬೇಕಾದ ಪಂದ್ಯದಲ್ಲಿ ಆಡಬಹುದೆಂಬ ಸ್ವಾತಂತ್ರ್ಯವು ಸ್ಥಿರಪಟ್ಟಿತು. ಅದೇ ವರ್ಷ ಪರ್‌ಫ್ಲೀಟಿನಲ್ಲಿ ಗುರುಶಿಷ್ಯರು ಮತ್ತೊಮ್ಮೆ ಇದಿರಾದರು. ಬ್ರಿಸ್ಟೋವಿಗೆ ಆಗ ೩೯ ವರ್ಷ. ಅವನ ಕಾಲ ಮುಗಿಯಿತೆಂದು ಎಲ್ಲರೂ ಎಣಿಸಿದ್ದರು. ಉಪಾಂತ್ಯದ ಆ ಪಂದ್ಯದಲ್ಲಿ ಅವನು ಶಿಷ್ಯನನ್ನು ಕೊನೆಯ ಸೆಟ್ಟಿನವರೆಗೂ ಹಿಡಿದು ನಿಲ್ಲಿಸಿ, ೫ಕ್ಕೆ ೪ರಂತೆ ಸೋತನು. ಕೈಯು ಮರೆತುದನ್ನು ಮನಸ್ಸು ಒಂದು ಸಂಜೆಗೆ ನೆನಪಿಗೆ ತಂದಂತಿದ್ದಿತು.

ಟೇಲರನ ಮುಂದಿನ ಚರಿತ್ರೆಯು ಪ್ರಸಿದ್ಧವಾದುದು. ೧೯೯೫ರಿಂದ ೨೦೦೨ರವರೆಗೆ ಎಡೆಬಿಡದೆ ಎಂಟು ವರ್ಷ, ಒಟ್ಟಿನಲ್ಲಿ ಎರಡೂ ಪಂದ್ಯಗಳಿಂದ ೧೬ ಸಲ ಅವನು ಜಗಜ್ಜೇತನಾದನು. ಹೊಸ ಪಂದ್ಯವು ೨೦೦೮ರಲ್ಲಿ ಲಂಡನ್ನಿನ ಅಲೆಗ್ಸಾಂಡ್ರಾ ಪ್ಯಾಲೆಸ್ ಭವನಕ್ಕೆ ಬಂದಿತು. ಹಳೆಯ ಸಂಸ್ಥೆಯು ೨೦೦೧ರಲ್ಲಿ ಸ್ತ್ರೀಯರ ಜಗತ್ಪಂದ್ಯವನ್ನು ಆರಂಭಿಸಿ, ಟ್ರೀನಾ ಗಲಿವರ್ ಎಂಬಾಕೆಯ ಸತತವಾದ ಏಳು ಜಯಗಳನ್ನು ಕಂಡಿತು. ಆದರೆ ಕಾಲಕ್ರಮದಲ್ಲಿ ಶಕ್ತಿಗುಂದಿ ೨೦೨೦ರಲ್ಲಿ ಮುಚ್ಚಿಹೋಯಿತು. ೨೦೧೯ನೆಯ ಡಿಸೆಂಬರಿನಲ್ಲಿ ಫ್ಯಾಲನ್ ಷೆರಾಕ್ ಎಂಬ ಯುವತಿಯು ಅಲೆಗ್ಸಾಂಡ್ರಾ ಪ್ಯಾಲೆಸಿನಲ್ಲಿ ಇಬ್ಬರು ಪುರುಷರನ್ನು ಒಬ್ಬರಾದ ಮೇಲೊಬ್ಬರಂತೆ ಸೋಲಿಸಿ, ಆ ಜಗತ್ಪಂದ್ಯದಲ್ಲಿ ಗೆಲವನ್ನು ಕಂಡ ಮೊದಲನೆಯ ಸ್ತ್ರೀ ಎನ್ನಿಸಿಕೊಂಡಳು. ತೋಳಿನ ಬಲವನ್ನು ಕೇಳದೆ ಸ್ಥೈರ್ಯವನ್ನು ಮಾತ್ರ ಕೇಳುವ ಆಟದಲ್ಲಿ ಇದು ಇಷ್ಟು ತಡವಾದುದೇ ಆಶ್ಚರ್ಯ.

೨೦೧೮ನೆಯ ಜನವರಿ ೧ರಂದು ಟೇಲರನು ತನ್ನ ಕೊನೆಯ ಜಗತ್ಪಂದ್ಯದ ಅಂತಿಮ ಘಟ್ಟವನ್ನು ಆಡಿದನು. ಎದುರಿಗೆ ಮೊದಲನೆಯ ಸಲ ಈ ಪಂದ್ಯಕ್ಕೆ ಬಂದಿದ್ದ ರಾಬ್ ಕ್ರಾಸ್. ೭ ಸೆಟ್ಟುಗಳಿಗೆ ೨ರಂತೆ ಟೇಲರನು ಸೋತು, ಕಿರಿಯವನ ಕೈಗೆ ಸ್ಥಾನವನ್ನು ಬಿಟ್ಟು ನಿವೃತ್ತನಾದನು. ಹಿಂದೆ ತಾನು ಗುರುವಿಗೆ ಮಾಡಿದುದೇ ತನಗೂ ಆಯಿತು. ಅದೇ ವರ್ಷದ ಏಪ್ರಿಲ್ ೫ರಂದು ಲಿವರ್‌ಪೂಲ್ ನಗರದಲ್ಲಿ ಡಾರ್ಟ್ಸ್ ಸ್ಪರ್ಧೆಯೊಂದು ನಡೆಯುತ್ತಿದ್ದಾಗ, ಸಭಾಂಗಣದ ಹೊರಗೆ ಹೃದಯಾಘಾತಕ್ಕೆ ಗುರಿಯಾಗಿ ಬ್ರಿಸ್ಟೋ ತೀರಿಕೊಂಡನು. ವಯಸ್ಸು ೬೦ ಮಾತ್ರ. ಒಳಗೆ ನೆರೆದಿದ್ದ ಜನರಿಗೆ ಸುದ್ದಿ ತಿಳಿದಾಗ ಅವರು ಅವನ ಹೆಸರನ್ನು ಹಾಡಿ ಗೌರವಿಸಿದರು.

ಅನಂತರದ ಒಂದು ಸಂಗತಿಯನ್ನು ಹೇಳಿ ಮುಗಿಸುವೆನು. ೨೦೨೫ನೆಯ ಜನವರಿ ೩ರಂದು ಲ್ಯೂಕ್ ಲಿಟ್ಲರ್ ಎಂಬ ಹುಡುಗನು ಹಾಲೆಂಡಿನ ಮೈಕೆಲ್ ವಾನ್ ಗೆರ್ವೆನನ್ನು ೭ಕ್ಕೆ ೩ರಂತೆ ಸೋಲಿಸಿ, ೧೭ನೆಯ ವಯಸ್ಸಿನಲ್ಲಿಯೇ ಅತ್ಯಂತ ಕಿರಿಯ ಜಗಜ್ಜೇತನಾದನು. ಬಹುಮಾನ ೫,೦೦,೦೦೦ ಪೌಂಡು. ಮೊದಲನೆಯ ವರ್ಷದ ೩,೦೦೦ ಪೌಂಡುಗಳೊಡನೆ ಇದನ್ನು ಹೋಲಿಸಿ ಬೆರಗಾಗುವವರು ಬಹುಮಂದಿ. ನನ್ನ ಗಮನವನ್ನು ಸೆಳೆದುದು ಬೇರೊಂದು. ಈ ಹುಡುಗನು ಕಲಿತುದು ಸೇಂಟ್ ಹೆಲೆನ್ಸ್ ಪಟ್ಟಣದಲ್ಲಿ ಕಿರಿಯರಿಗಾಗಿಯೇ ನಡೆಯುವ ಡಾರ್ಟ್ಸ್ ಶಾಲೆಯಲ್ಲಿ. ಒಂದು ಕಾಲಕ್ಕೆ ನಗರದ ಅಧಿಕಾರಿಗಳು ಪಾನಗೃಹದಿಂದಲೂ ಹೊರಗಟ್ಟಿದ ಆಟಕ್ಕೆ ಈಗ ಪಾಠಶಾಲೆಯುಂಟು, ಕಲಿಸುವವರುಂಟು, ಸಾಲಾಗಿ ನಿಂತು ಕಲಿಯುವ ಮಕ್ಕಳುಂಟು. ಆಟಕ್ಕೆ ಈ ಮಾನವು ಬಂದುದು ಬಹುಮಾನದ ಹಣದಿಂದಲೇ ಎಂದು ನಾನು ನಂಬಲಾರೆ. ತನ್ನ ಕೈ ಸೋತ ಕಾಲದಲ್ಲಿ ಇನ್ನೊಬ್ಬನ ಕೈಯನ್ನು ಹಿಡಿದು ಕಲಿಸಿದವರು ಅಲ್ಲಿದ್ದರು. ಅಂತಹವರು ಎಲ್ಲಿರುವರೋ ಅಲ್ಲಿ, ಮನೆಯು ಯಾವುದೇ ಆಗಿರಲಿ, ವಿದ್ಯೆಯು ನೆಲೆನಿಲ್ಲುವುದು.